ಸಹಾಯ ಬೇಕು: ಪಿಎಚ್‌ಡಿ ಸೀಟು ಬಂದಿದೆ, ಒಬಿಸಿ ಸರ್ಟಿಫಿಕೇಟ್ ಬಗ್ಗೆ ಭಯ

ಎಲ್ಲರಿಗೂ ನಮಸ್ಕಾರ. ಹೊರರಾಜ್ಯದ ಒಂದು ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ನನಗೆ ಇತಿಹಾಸದಲ್ಲಿ ಪಿಎಚ್‌ಡಿ ಸೀಟು ಸಿಕ್ಕಿದೆ. ಈ ವಾರವೇ ಒಪ್ಪಿಗೆ ತಿಳಿಸಬೇಕು. ತುಂಬಾ ಖುಷಿಯಾಗಿದೆ, ಆದರೆ ರಾತ್ರಿ ನಿದ್ದೆ ಬರುತ್ತಿಲ್ಲ.

ಎಂಎಯಲ್ಲಿ ನನಗೆ ಬಂದಿದ್ದು 53.4%. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮದ ಪ್ರಕಾರ ಪಿಎಚ್‌ಡಿಗೆ 55% ಬೇಕು, ಒಬಿಸಿ ನಾನ್ ಕ್ರೀಮಿ ಲೇಯರ್‌ನವರಿಗೆ (ಹಿಂದುಳಿದ ವರ್ಗದಲ್ಲಿ ಅನುಕೂಲಸ್ಥರನ್ನು ಬಿಟ್ಟು ಉಳಿದವರಿಗೆ) 5% ರಿಯಾಯಿತಿ ಇದೆ. ಆ ರಿಯಾಯಿತಿ ನಂಬಿಕೊಂಡೇ ಅರ್ಜಿ ಹಾಕಿದೆ. ಈಗ ನನ್ನ ಕೈಯಲ್ಲಿ ಇರುವುದು ನಾಡಕಚೇರಿಯಲ್ಲಿ ಮಾಡಿಸಿದ 2ಎ (ರಾಜ್ಯದ ಹಿಂದುಳಿದ ವರ್ಗಗಳಲ್ಲಿ ಒಂದು ಪ್ರವರ್ಗ) ಸರ್ಟಿಫಿಕೇಟ್. ಅದು ರಾಜ್ಯದ ಪಟ್ಟಿಯದ್ದು. ವಿಶ್ವವಿದ್ಯಾಲಯದವರು ಕೇಳುತ್ತಿರುವುದು ಕೇಂದ್ರದ ನಮೂನೆಯದ್ದು. ನಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲೂ ಇದೆ, ಆದರೆ ಅಲ್ಲಿ ಹೆಸರಿನ ಕಾಗುಣಿತ ಸ್ವಲ್ಪ ಬೇರೆ. ದಾಖಲೆ ಪರಿಶೀಲನೆಯಲ್ಲಿ ಇದನ್ನೇ ಹಿಡಿದು ಸೀಟು ರದ್ದು ಮಾಡಿದರೆ?

ನಾನು ಸರ್ಕಾರಿ ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಮನೆ ನಡೆಯುವುದು ಇದೇ ಸಂಬಳದಲ್ಲಿ. ಈ ಕೆಲಸ ಒಮ್ಮೆ ಬಿಟ್ಟರೆ ಮತ್ತೆ ಅತಿಥಿ ಉಪನ್ಯಾಸಕರ ಆಯ್ಕೆಯ ಕೌನ್ಸೆಲಿಂಗ್‌ಗೆ ಕಾಯಬೇಕು. ಜೆಆರ್‌ಎಫ್ (ಸಂಶೋಧನೆಗೆ ಕೊಡುವ ಫೆಲೋಶಿಪ್) ಇದ್ದಿದ್ದರೆ ತಿಂಗಳಿಗೆ 37,000 ರೂಪಾಯಿ ಬರುತ್ತಿತ್ತು, ಇಷ್ಟು ಯೋಚಿಸುತ್ತಲೇ ಇರಲಿಲ್ಲ. ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಬರೆದು ನನಗೆ ಸಿಕ್ಕಿದ್ದು ಪಿಎಚ್‌ಡಿಗೆ ಮಾತ್ರ ಅರ್ಹತೆ. ಅದಕ್ಕೆ ಒಂದೇ ವರ್ಷ ಮಾನ್ಯತೆ, ಹಾಗಾಗಿ ಮುಂದಿನ ವರ್ಷ ನೋಡೋಣ ಅನ್ನೋ ಹಾಗೂ ಇಲ್ಲ.

2ಎ ಇದ್ದು ಕೇಂದ್ರದ ಒಬಿಸಿ ಸರ್ಟಿಫಿಕೇಟ್ ಮಾಡಿಸಿದವರು ಯಾರಾದರೂ ಇದ್ದೀರಾ? ತಹಶೀಲ್ದಾರ್ ಕಚೇರಿಯಲ್ಲಿ ಎಷ್ಟು ದಿನ ಹಿಡಿಯಿತು? ಕಾಗುಣಿತದ ವ್ಯತ್ಯಾಸಕ್ಕೆ ಅಫಿಡವಿಟ್ ಸಾಕಾಯಿತಾ? ಕೆಲಸ ಬಿಡುವ ಮೊದಲು ವಿಶ್ವವಿದ್ಯಾಲಯದಿಂದ ಬರಹದಲ್ಲಿ ಏನು ಕೇಳಿಕೊಳ್ಳಬೇಕು ಅಂತಲೂ ದಯವಿಟ್ಟು ತಿಳಿಸಿ.