ಹುಂಜ ಉತ್ತರ ಕೊಡುತ್ತದೆ, ಆದರೆ ಎಪ್ಪತ್ತು ಗಜದಲ್ಲೇ ನಿಂತುಬಿಡುತ್ತದೆ: ಮಿಸೌರಿಯ ವಸಂತದ ಟರ್ಕಿ ಬೇಟೆ

ಮಲೆನಾಡಿಗ_ಮಿಸೌರಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಸಕಲೇಶಪುರದ ಕಡೆಯವನಾದ ನಾನು ಮಿಸೌರಿಯ ಕೊಲಂಬಿಯಾದಲ್ಲಿ ನೆಲೆಸಿ ಒಂಬತ್ತು ವರ್ಷಗಳಾದವು. ಬೇಟೆಯ ಮಾತನ್ನು ಅಜ್ಜನ ಬಾಯಲ್ಲಿ ಕೇಳಿದ್ದೇನೆಯೇ ಹೊರತು, 1972ರ ವನ್ಯಜೀವಿ ಕಾಯ್ದೆ ಬಂದ ಎಷ್ಟೋ ವರ್ಷಗಳ ನಂತರ ಹುಟ್ಟಿದ ನನಗೆ ಊರಿನಲ್ಲಿ ಅದರ ಅನುಭವವಾಗುವ ಪ್ರಸಂಗವೇ ಇರಲಿಲ್ಲ. ಇಲ್ಲಿ ಹಂಟರ್ ಎಜುಕೇಶನ್ ತರಗತಿ ಮುಗಿಸಿ, ಪರ್ಮಿಟ್ ಪಡೆದು, ಈ ಏಪ್ರಿಲ್‌ನಲ್ಲಿ ಮೊದಲ ಬಾರಿಗೆ ಮಾರ್ಕ್ ಟ್ವೈನ್ ರಾಷ್ಟ್ರೀಯ ಅರಣ್ಯದಲ್ಲಿ ಟರ್ಕಿ ಎಂಬ ದೊಡ್ಡ ಕಾಡುಕೋಳಿಯಂಥ ಹಕ್ಕಿಯ ಬೇಟೆಗೆ ಕೂರುತ್ತಿದ್ದೇನೆ.

ಸಮಸ್ಯೆ ಹೀಗಿದೆ. ಗುಡ್ಡದ ನೆತ್ತಿಯ ಮೇಲೆ ಮರ ಸಾಗಿಸಲು ಹಿಂದೆ ಮಾಡಿದ್ದ ಹಳೆಯ ರಸ್ತೆಯೊಂದು ನೂರು ಗಜಕ್ಕೂ ಹೆಚ್ಚು ದೂರ ನೇರವಾಗಿ ಕಾಣುತ್ತದೆ. ಅದರ ಒಂದು ತುದಿಯಲ್ಲಿ ಓಕ್ ಮರಕ್ಕೆ ಬೆನ್ನು ಕೊಟ್ಟು ಕೂತು, ಇಪ್ಪತ್ತು ಗಜ ಮುಂದೆ ಪ್ಲಾಸ್ಟಿಕ್ಕಿನ ಹೇಂಟೆಯೊಂದನ್ನು ಗೂಟದ ಮೇಲೆ ನಿಲ್ಲಿಸಿ, ಮುಚ್ಚಳ ಉಜ್ಜಿದರೆ ಹೇಂಟೆಯ ಸ್ವರ ಹೊರಡುವ ಮರದ ಪೆಟ್ಟಿಗೆಯಾದ ಬಾಕ್ಸ್ ಕಾಲ್‌ನಿಂದ ಎರಡು ಮೂರು ನಿಮಿಷಕ್ಕೊಮ್ಮೆ ಹೇಂಟೆಯ ಕೂಗು ಕೂಗುತ್ತೇನೆ. ಬೆಳಕು ಹರಿಯುವ ಮೊದಲೇ ಮರದ ಮೇಲಿಂದ ಹುಂಜ ಪ್ರತಿ ಸಲವೂ ಉತ್ತರ ಕೊಡುತ್ತದೆ, ನೆಲಕ್ಕಿಳಿದು ನನ್ನತ್ತ ನಡೆದೂ ಬರುತ್ತದೆ. ಆದರೆ ಸುಮಾರು ಎಪ್ಪತ್ತು ಗಜದಲ್ಲಿ ನಿಂತು, ಬಾಲ ಬಿಚ್ಚಿ, ರೆಕ್ಕೆ ಇಳಿಬಿಟ್ಟು, ಇಪ್ಪತ್ತು ಮೂವತ್ತು ನಿಮಿಷ ಅತ್ತಿತ್ತ ತಿರುಗಾಡಿ, ಬಂದ ದಾರಿಯಲ್ಲೇ ಹೋಗಿಬಿಡುತ್ತದೆ. ಮೂರು ಬೆಳಗ್ಗೆಯೂ ಇದೇ ಆಯಿತು. ಮೂರನೆಯ ದಿನ ತಾಳ್ಮೆ ತಪ್ಪಿ ಹುಂಜದ ಕಡೆಗೆ ತೆವಳಿಕೊಂಡು ಹೋದೆ. ಹತ್ತು ಗಜ ಸಾಗುವಷ್ಟರಲ್ಲಿ ಅದು ಮಾಯವಾಗಿತ್ತು.

ನನ್ನ ಬಾಕ್ಸ್ ಕಾಲ್‌ನ ಸ್ವರವೇ ಸರಿಯಿಲ್ಲವೇ? ಹೊಸದನ್ನು ಕೊಳ್ಳಬೇಕೇ? ಅಥವಾ ದೂರಕ್ಕೆ ಹೊಡೆಯುತ್ತದೆ ಎನ್ನುವ ಟಂಗ್‌ಸ್ಟನ್ ತೋಟಾ ತಂದು ಅರವತ್ತು ಎಪ್ಪತ್ತು ಗಜದಲ್ಲೇ ಹೊಡೆಯುವುದು ಸರಿಯೇ?

ಹಳೇಕೋವಿ:

ನಿಮ್ಮ ಬಾಕ್ಸ್ ಕಾಲ್‌ನಲ್ಲಿ ದೋಷವಿಲ್ಲ. ಕೂಗಿಗೆ ಉತ್ತರ ಬಂದಿದೆ, ಹಕ್ಕಿ ನಿಮ್ಮತ್ತ ನಡೆದೂ ಬಂದಿದೆ ಎಂದ ಮೇಲೆ ಕೂಗು ತನ್ನ ಕೆಲಸ ಮಾಡಿದೆ. ದೋಷವಿರುವುದು ನೀವು ಕೂತ ಜಾಗದಲ್ಲಿ. ಅದನ್ನು ವಿವರಿಸುವ ಮೊದಲು ಆ ಮೂರನೆಯ ದಿನದ ತೆವಳುವಿಕೆಯ ಬಗ್ಗೆ ನಿಷ್ಠುರವಾಗಿ ಒಂದು ಮಾತು ಹೇಳಬೇಕಾಗಿದೆ, ಬೇಸರಿಸಬೇಡಿ.

ಸಾರ್ವಜನಿಕ ಅರಣ್ಯದಲ್ಲಿ ಹುಂಜದ ಕೂಗನ್ನು ಹಿಂಬಾಲಿಸಿ ತೆವಳಬಾರದು, ಎಂದಿಗೂ. ನೀವು ಕೇಳಿದ ಹೇಂಟೆಯ ಕೂಗು ಇನ್ನೊಬ್ಬ ಬೇಟೆಗಾರನದ್ದಾಗಿರಬಹುದು, ಕಂಡ ಬಾಲ ಅವನು ನಿಲ್ಲಿಸಿದ ಬೊಂಬೆಯದ್ದಾಗಿರಬಹುದು. ಅವನು ನಿಮ್ಮ ಹಾಗೆಯೇ ಎಲೆಬಣ್ಣದ ಬಟ್ಟೆ ತೊಟ್ಟು, ಮುಖ ಮುಚ್ಚಿಕೊಂಡು, ಕೋವಿಯನ್ನು ಮಂಡಿಯ ಮೇಲಿಟ್ಟು, ತರಗೆಲೆಯ ಸದ್ದಿನೊಂದಿಗೆ ನೆಲಮಟ್ಟದಲ್ಲಿ ಸರಿದಾಡುವ ಕಪ್ಪು ಆಕಾರಕ್ಕಾಗಿಯೇ ಕಾಯುತ್ತಿರುತ್ತಾನೆ, ಮತ್ತು ತೆವಳುತ್ತಿರುವ ನೀವು ಅರೆಬೆಳಕಿನಲ್ಲಿ ಅವನಿಗೆ ಕಾಣುವುದು ಹಾಗೆಯೇ. ಇದೇ ಕಾರಣಕ್ಕೆ ಕೆಂಪು, ಬಿಳಿ, ನೀಲಿ ಬಣ್ಣಗಳು ಮೈಮೇಲೆ ಎಲ್ಲಿಯೂ ಇರಕೂಡದು, ಜೇಬಿನ ಕರವಸ್ತ್ರ, ಪ್ಯಾಂಟಿನ ಕೆಳಗೆ ಇಣುಕುವ ಕಾಲುಚೀಲವೂ ಸೇರಿದಂತೆ. ಹುಂಜದ ತಲೆಯ ಬಣ್ಣಗಳೂ ಅವೇ. ಭುಜಕ್ಕಿಂತ ಅಗಲವಾದ ಮರಕ್ಕೆ ಒರಗಿ ಕೂರಿ. ಬೇರೆಯವರು ನಿಮ್ಮತ್ತ ಬರುವುದು ಕಂಡರೆ ಕೈ ಬೀಸಬೇಡಿ, ಹಕ್ಕಿಯ ಕೂಗನ್ನೂ ಕೂಗಬೇಡಿ. ಅಲುಗಾಡದೆ ಕೂತು, ಸ್ಪಷ್ಟವಾದ ಮನುಷ್ಯ ಧ್ವನಿಯಲ್ಲಿ ಗಟ್ಟಿಯಾಗಿ ಮಾತನಾಡಿ. ಹೊಡೆದ ಹಕ್ಕಿಯನ್ನು ಹೊತ್ತು ತರುವಾಗ ಅದಕ್ಕೆ ಕಿತ್ತಳೆ ಬಣ್ಣದ ಬಟ್ಟೆ ಸುತ್ತಿರಿ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಪ್ರಕೃತಿಯ ಕ್ರಮದಲ್ಲಿ ಹುಂಜ ಒಂದೆಡೆ ನಿಂತು ಕೂಗುತ್ತದೆ, ಹೇಂಟೆ ಅದರ ಬಳಿಗೆ ನಡೆದು ಹೋಗುತ್ತದೆ. ನಾವು ಈ ಕ್ರಮವನ್ನು ತಿರುಗಿಸಿ, ಹುಂಜವೇ ಹೇಂಟೆಯ ಬಳಿಗೆ ಬರಲಿ ಎಂದು ಕೇಳುತ್ತಿದ್ದೇವೆ. ಅದು ಅರ್ಧ ದಾರಿ ಬರುತ್ತದೆ. ಎಲ್ಲಿಂದ ಕೂಗು ಬಂದಿತೋ ಆ ಜಾಗ ಕಣ್ಣಿಗೆ ಬಿದ್ದ ಕೂಡಲೇ ನಿಲ್ಲುತ್ತದೆ, ಏಕೆಂದರೆ ಅಲ್ಲಿಂದ ಮುಂದೆ ಹೇಂಟೆ ತನ್ನನ್ನು ನೋಡಿ ತಾನಾಗಿ ಬರಬೇಕೆಂಬುದು ಅದರ ಲೆಕ್ಕ. ನೂರು ಗಜ ನೇರವಾಗಿ ಕಾಣುವ ರಸ್ತೆಯ ತುದಿಯಲ್ಲಿ ಕೂತು, ಎಪ್ಪತ್ತು ಗಜದಿಂದಲೇ ಎಲ್ಲವೂ ಕಾಣುವಂತೆ ಏರ್ಪಾಡು ಮಾಡಿಕೊಟ್ಟವರು ನೀವೇ. ಅದಕ್ಕೆ ಕಂಡದ್ದು ಅಲುಗಾಡದ ಒಂದು ಪ್ಲಾಸ್ಟಿಕ್ ಹೇಂಟೆ.

ಆದ್ದರಿಂದ ಜಾಗ ಹುಡುಕುವಾಗ ಒಂದನ್ನೇ ನೋಡಿ: ನೀವಿರುವ ಜಾಗ ಹಕ್ಕಿಗೆ ಕಾಣಿಸುವ ಗಳಿಗೆಯಲ್ಲಿ ಹಕ್ಕಿ ನಿಮ್ಮ ಕೋವಿಯ ಅಳತೆಯೊಳಗೆ ಬಂದಿರಬೇಕು. ದಿಬ್ಬದ ನೆತ್ತಿಯಿಂದ ಮೂವತ್ತು ಗಜ ಹಿಂದೆ, ಅಥವಾ ರಸ್ತೆಯ ತಿರುವಿನಿಂದ ಮೂವತ್ತು ಗಜ ಈಚೆಗೆ ಕೂತರೆ, ಹೇಂಟೆ ಎಲ್ಲಿದೆಯೆಂದು ನೋಡಲು ಅದು ಆ ನೆತ್ತಿಯನ್ನೋ ತಿರುವನ್ನೋ ದಾಟಲೇಬೇಕಾಗುತ್ತದೆ.

ಇನ್ನೊಂದು ಕಾರಣವೂ ಇರಬಹುದು. ನಡುವೆ ಸಣ್ಣ ತೊರೆ, ತಂತಿಬೇಲಿ ಅಥವಾ ಕೊರಕಲು ಇದ್ದರೆ, ಹಾರಿ ದಾಟಬಲ್ಲ ಹಕ್ಕಿಯೇ ಆದರೂ ಎಷ್ಟೋ ಸಲ ಅದನ್ನು ದಾಟದೆ ನಿಂತುಬಿಡುತ್ತದೆ. ಸಾರ್ವಜನಿಕ ಅರಣ್ಯದಲ್ಲಿ ಮಧ್ಯಾಹ್ನ 1 ಗಂಟೆಗೆ ಬೇಟೆ ನಿಲ್ಲಿಸಬೇಕಲ್ಲವೇ, ಆಮೇಲೆ ಕೋವಿಯನ್ನು ಕಾರಿನಲ್ಲಿಟ್ಟು ಆ ಎಪ್ಪತ್ತು ಗಜವನ್ನು ಒಮ್ಮೆ ನಡೆದು ನೋಡಿ. ಹುಂಜದ ಹಿಕ್ಕೆ ಒಂದು ತುದಿಯಲ್ಲಿ ಕೊಕ್ಕೆಯಂತೆ ಬಾಗಿರುತ್ತದೆ, ಹೇಂಟೆಯದು ಸುರುಳಿಯಾಗಿ ಗುಡ್ಡೆ ಬಿದ್ದಿರುತ್ತದೆ. ಮಣ್ಣಿನಲ್ಲಿ ರೆಕ್ಕೆಯ ತುದಿ ಎಳೆದ ಗೀರುಗಳಿವೆಯೇ ನೋಡಿ. ನೋಡಿ ಬಂದು ಇಲ್ಲಿ ತಿಳಿಸಿ.

ಮಲೆನಾಡಿಗ_ಮಿಸೌರಿ:

ತೆವಳಿದ್ದು ತಪ್ಪೆಂದು ಒಪ್ಪುತ್ತೇನೆ; ಓದುವಾಗಲೇ ಬೆನ್ನು ತಣ್ಣಗಾಯಿತು. ನಿನ್ನೆ ಮಧ್ಯಾಹ್ನ ನಡೆದು ನೋಡಿದೆ. ಹುಂಜ ನಿಲ್ಲುವ ಜಾಗದಿಂದ ಐದಾರು ಹೆಜ್ಜೆ ಈಚೆಗೆ, ಮಳೆನೀರು ಕೊರೆದು ಮೊಣಕಾಲುದ್ದ ಆಳವಾದ ಕೊರಕಲೊಂದು ರಸ್ತೆಗೆ ಅಡ್ಡವಾಗಿದೆ; ನಾನು ಕೂತಲ್ಲಿಂದ ಅದು ಕಾಣುತ್ತಲೇ ಇರಲಿಲ್ಲ. ಕೊರಕಲಿನ ಆಚೆ, ತೆಳುವಾದ ಕೆಂಪು ಮಣ್ಣಿನ ಮೇಲೆ, ಕಸಬರಿಗೆಯ ಕಡ್ಡಿಯಲ್ಲಿ ಎಳೆದಂತೆ ಜೋಡಿ ಗೀರುಗಳು ಇದ್ದವು. ಅಲ್ಲಿಂದ ಮುಂದೆ ನಲವತ್ತು ಗಜದಲ್ಲಿ ರಸ್ತೆ ಎಡಕ್ಕೆ ತಿರುಗುತ್ತದೆ. ಅಂದರೆ ನಾನು ಆ ತಿರುವಿನ ಆಚೆ ಕೂರಬೇಕಾಗಿತ್ತು.

ಆದರೆ ಈ ಬೆಳಗ್ಗೆ ಇನ್ನೊಂದು ತೊಡಕು ಎದುರಾಯಿತು. ಹುಂಜ ಇಳಿದ ಕೂಡಲೇ ಎರಡು ಹೇಂಟೆಗಳು ಬಂದು ಸೇರಿಕೊಂಡವು. ಅದು ನನ್ನ ಕೂಗಿಗೆ ಉತ್ತರಿಸುತ್ತಲೇ ಅವುಗಳ ಹಿಂದೆ ಹೊರಟುಹೋಯಿತು. ಇದಕ್ಕೇನು ಮಾಡುವುದು? ಎಷ್ಟು ಹೊತ್ತಿಗೊಮ್ಮೆ ಕೂಗಬೇಕು?

ಒಝಾರ್ಕ್_ಗೃಹಿಣಿ:

ಹೇಂಟೆಗಳ ಜೊತೆಗಿರುವ ಹುಂಜವನ್ನು ಮುಂಜಾನೆ ಸೆಳೆಯಲು ಹೋಗಿ ಶ್ರಮ ಕಳೆಯುವುದಕ್ಕಿಂತ, ಮನೆಗೆ ಹೋಗಿ ತಿಂಡಿ ತಿಂದು ಒಂಬತ್ತಕ್ಕೆ ಮರಳಿ ಬರುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಹೇಂಟೆ ಹತ್ತು ಹನ್ನೆರಡು ಮೊಟ್ಟೆಗಳನ್ನು ಹೆಚ್ಚುಕಡಿಮೆ ದಿನಕ್ಕೊಂದರಂತೆ ಇಡುತ್ತದೆ. ಆ ದಿನಗಳಲ್ಲಿ ಬೆಳಗ್ಗೆ ಹುಂಜದೊಡನೆ ಸುತ್ತಿ, ಬಿಸಿಲೇರುತ್ತಿದ್ದಂತೆ ಸದ್ದಿಲ್ಲದೆ ಗೂಡಿನ ಕಡೆ ಜಾರುತ್ತದೆ. ಮೊಟ್ಟೆ ಪೂರ್ತಿಯಾದ ಮೇಲೆ ಸುಮಾರು 28 ದಿನ ಕಾವಿಗೆ ಕೂರುತ್ತದೆ. ಒಂಬತ್ತರಿಂದ ಹನ್ನೊಂದರ ನಡುವೆ ಒಂಟಿಯಾಗಿ ಉಳಿದ ಹುಂಜಕ್ಕೆ, ಬೆಳಗ್ಗೆ ಒಂದು ಮೂಲೆಯಲ್ಲಿ ಹೇಂಟೆಯೊಂದು ಕೂಗುತ್ತಿತ್ತು ಎಂಬ ನೆನಪಿರುತ್ತದೆ. ಅದೇ ಮೂಲೆಯಿಂದ ಮೆಲ್ಲಗೆ ಕೂಗಿದರೆ ಅದು ಬರುವ ಸಾಧ್ಯತೆ ಮುಂಜಾನೆಗಿಂತ ಹೆಚ್ಚು. ಋತುವಿನ ಮೂರನೆಯ ವಾರ ಎರಡನೆಯ ವಾರಕ್ಕಿಂತ ಸುಲಭವೆಂದು ನನಗೆ ಅನ್ನಿಸಿರುವುದೂ ಇದೇ ಕಾರಣಕ್ಕೆ.

ಇನ್ನು ಕೂಗಿನ ವಿಷಯ. ಎರಡು ನಿಮಿಷಕ್ಕೊಮ್ಮೆ ಕೂಗುವುದು ಬಹಳ ಹೆಚ್ಚಾಯಿತು. ಹುಂಜ ಒಮ್ಮೆ ಉತ್ತರಿಸಿ, ಮತ್ತೆ ಹತ್ತಿರದಿಂದ ಉತ್ತರಿಸಿತು ಎಂದರೆ ನಿಮ್ಮ ಜಾಗ ಅದಕ್ಕೆ ನಿಖರವಾಗಿ ಗೊತ್ತಾಗಿದೆ. ಪುನಃ ಪುನಃ ಕೂಗಿದರೆ, ಇಷ್ಟು ಆತುರದ ಹೇಂಟೆ ತಾನೇ ಬಂದೀತು ಎಂದು ಅದು ನಿಂತುಬಿಡುತ್ತದೆ. ಆಗ ಬಾಕ್ಸ್ ಕಾಲನ್ನು ಕೆಳಗಿಟ್ಟು, ಕೈಬೆರಳುಗಳಿಂದ ತರಗೆಲೆಯನ್ನು ಕೆದಕಿ: ಬೇಗಬೇಗನೆ ಎರಡು ಸಲ, ಸ್ವಲ್ಪ ಬಿಡುವು, ನಿಧಾನವಾಗಿ ಇನ್ನೊಂದು ಸಲ. ಊರಿನ ಹಿತ್ತಲಿನಲ್ಲಿ ಕೋಳಿ ತಿಪ್ಪೆ ಕೆದಕುವುದನ್ನು ಕೇಳಿ ಬೆಳೆದವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಕೆದಕಿ ಸುಮ್ಮನಾಗಿ. ಹುಂಜದ ಕೂಗು ನಿಂತಿತೆಂದು ಎದ್ದು ಹೋಗಬೇಡಿ, ಒಂದು ಗಂಟೆ ಕೂರಿ. ಸದ್ದಿಲ್ಲದೆ ಬರುವ ಹುಂಜಗಳೇ ಹೆಚ್ಚು, ಮತ್ತು ಎದ್ದ ಕ್ಷಣದಲ್ಲಿ ಪಕ್ಕದ ಪೊದೆಯಿಂದ ರೆಕ್ಕೆ ಬಡಿದು ಹಾರಿಹೋದ ಹಕ್ಕಿಗಳ ಲೆಕ್ಕವನ್ನು ನಾನು ಇಡುವುದನ್ನೇ ಬಿಟ್ಟಿದ್ದೇನೆ.

ಬಾಕ್ಸ್ ಕಾಲ್‌ಗೆ ತೇವವೇ ಶತ್ರು. ಮುಚ್ಚಳದ ಅಡಿಭಾಗಕ್ಕೆ ಎಣ್ಣೆ ಅಥವಾ ಮೇಣದ ಅಂಶವಿಲ್ಲದ ಸೀಮೆಸುಣ್ಣ ಹಚ್ಚಿ, ಆ ಜಾಗವನ್ನು ಬೆರಳಿನಿಂದ ಮುಟ್ಟಬೇಡಿ, ಮಂಜು ಬೀಳುವ ಬೆಳಗ್ಗೆ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಳ್ಳಿ. ಬಾಕ್ಸ್ ಬಾರಿಸಲು ಎರಡೂ ಕೈ ಬೇಕು, ಆ ಚಲನೆ ಹಕ್ಕಿಗೆ ಕಾಣುತ್ತದೆ. ಆದ್ದರಿಂದ ಹಕ್ಕಿ ಹತ್ತಿರ ಬಂದಾಗ ಬಾಯಲ್ಲಿ ಇಟ್ಟುಕೊಂಡು ಊದುವ ಡಯಾಫ್ರಂ ಕಾಲ್ ಅನುಕೂಲ. ಅದನ್ನು ಕಲಿಯಲು ಮನೆಯವರ ಸಹನೆಯೂ ಬೇಕಾಗುತ್ತದೆ.

ಕೊನೆಯದಾಗಿ ಉಣ್ಣೆಯ ವಿಷಯ. ಬಟ್ಟೆಗೆ ಮೊದಲೇ ಪರ್ಮೆಥ್ರಿನ್ ಎಂಬ ಕೀಟನಾಶಕ ಸಿಂಪಡಿಸಿ ಒಣಗಿಸಿ, ಮನೆಗೆ ಬಂದ ಕೂಡಲೇ ಮೈಯೆಲ್ಲ ಪರೀಕ್ಷಿಸಿಕೊಳ್ಳಿ. ಇಲ್ಲಿನ ಲೋನ್ ಸ್ಟಾರ್ ಉಣ್ಣೆ ಕಚ್ಚಿದ ಕೆಲವರಿಗೆ ಆಲ್ಫಾ-ಗಾಲ್ ಎಂಬ ಅಲರ್ಜಿ ಬಂದು ಕುರಿ, ದನ, ಹಂದಿಯ ಮಾಂಸ ತಿನ್ನಲಾಗದಂತಾಗುತ್ತದೆ. ಟರ್ಕಿ ತಿನ್ನಬಹುದು ಎಂಬುದೊಂದೇ ಸಮಾಧಾನ.

ಹಳೇಕೋವಿ:

ಮೇಲಿನ ಮಾತುಗಳನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಟಂಗ್‌ಸ್ಟನ್ ತೋಟಾದ ಪ್ರಶ್ನೆಗೆ ಉತ್ತರ ಉಳಿದಿತ್ತು. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.3 ಗ್ರಾಂ ಆದರೆ ಈ ಟಂಗ್‌ಸ್ಟನ್ ಚರೆಯದು ಸುಮಾರು 18. ಆದ್ದರಿಂದ 9ನೇ ನಂಬರಿನ ಸಣ್ಣ ಚರೆಯೂ (ನಂಬರು ಹೆಚ್ಚಿದಷ್ಟೂ ಚರೆ ಸಣ್ಣದು) ದೂರದವರೆಗೆ ಕಸುವು ಉಳಿಸಿಕೊಳ್ಳುತ್ತದೆ, ಸಣ್ಣದಾದ್ದರಿಂದ ಒಂದು ತೋಟಾದಲ್ಲಿ ಹೆಚ್ಚು ಚರೆ ಹಿಡಿಸುತ್ತದೆ. ಒಳ್ಳೆಯ ಸರಕೇ, ದುಬಾರಿಯೂ ಹೌದು. ಆದರೆ ಎಪ್ಪತ್ತು ಗಜದಲ್ಲಿ ಹೊಡೆಯಲು ಅದು ಅನುಮತಿಪತ್ರವಲ್ಲ. ಗಾಯಗೊಂಡು ಪೊದೆ ಸೇರುವ ಹಕ್ಕಿಯನ್ನು ಹುಡುಕಿಕೊಡುವ ತೋಟಾ ಯಾವುದೂ ಇಲ್ಲ.

ಕೈಲ್ ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿಯಿಟ್ಟು ಬೆಳೆದ ಕೊಡಗಿನವನಾದ ನಾನು, ಗುರಿ ಬಲ್ಲೆನೆಂಬ ಬಿಗುಮಾನದಲ್ಲಿ ಮೊದಲ ವರ್ಷ ಹದಿನೈದು ಗಜದಲ್ಲಿ ನಿಂತ ಹುಂಜಕ್ಕೆ ಹೊಡೆದು ತಪ್ಪಿದವನು. ಬಿಗಿಯಾದ ಟರ್ಕಿ ಚೋಕ್ (ಚರೆ ಚದುರದಂತೆ ನಳಿಗೆಯ ತುದಿಯನ್ನು ಕಿರಿದಾಗಿಸುವ ಕೊಳವೆ) ಹಾಕಿದ ಕೋವಿಯಲ್ಲಿ ಅಷ್ಟು ಹತ್ತಿರಕ್ಕೆ ಚರೆಯ ಗುಂಪು ಮುಷ್ಟಿಯಷ್ಟೇ ಇರುತ್ತದೆ, ಹಕ್ಕಿಯನ್ನು ನೋಡುವ ಆತುರದಲ್ಲಿ ಕೆನ್ನೆಯನ್ನು ಕೋವಿಯಿಂದ ಎತ್ತಿದರೆ ಅದು ತಲೆಯ ಮೇಲಿಂದ ಹೋಗುತ್ತದೆ. ದೊಡ್ಡ ಕಾಗದ ಕಟ್ಟಿ, ನೀವು ಬಳಸುವ ತೋಟಾದಿಂದಲೇ ಇಪ್ಪತ್ತು, ಮೂವತ್ತು, ನಲವತ್ತು ಗಜಗಳಲ್ಲಿ ಹೊಡೆದು ನೋಡಿ. ಹತ್ತು ಅಂಗುಲದ ವೃತ್ತದೊಳಗೆ ನೂರು ಚರೆ ಬೀಳುವ ಕೊನೆಯ ದೂರವೇ ನಿಮ್ಮ ಮಿತಿ. ಮಿಸೌರಿಯಲ್ಲಿ 4ನೇ ನಂಬರಿಗಿಂತ ದಪ್ಪ ಚರೆ ಬಳಸುವಂತಿಲ್ಲ ಎಂಬುದು ನೆನಪಿರಲಿ.

ಗುರಿ ಇಡಬೇಕಾದದ್ದು ಗರಿ ಮುಗಿದು ಬರಿಗತ್ತು ಶುರುವಾಗುವ ಜಾಗಕ್ಕೆ. ಬಾಲ ಬಿಚ್ಚಿ ನಿಂತಾಗ ಕತ್ತು ಎದೆಯೊಳಗೆ ಹುದುಗಿರುತ್ತದೆ, ಆಗ ಹೊಡೆಯಬೇಡಿ. ಟಕ್ ಎಂದು ಒಂದು ಚುರುಕಾದ ಸದ್ದು ಮಾಡಿದರೆ ಕತ್ತು ಚಾಚಿ ನೋಡುತ್ತದೆ. ಎದೆಯಿಂದ ಜೋಲುವ ಕೂದಲಿನಂಥ ಗೊಂಚಲನ್ನು, ಅಂದರೆ ಗಡ್ಡವನ್ನು, ಕಣ್ಣಾರೆ ಕಂಡ ಮೇಲಷ್ಟೇ ಕೋವಿಯ ಸೇಫ್ಟಿ ತೆಗೆಯಿರಿ, ವಸಂತದಲ್ಲಿ ಗಡ್ಡವಿಲ್ಲದ ಹೇಂಟೆಯನ್ನು ಹೊಡೆಯುವುದು ಅಪರಾಧ.

ಇದನ್ನು ಓದುವ ಎಚ್-1ಬಿ ಗೆಳೆಯರಿಗೆ ಒಂದು ಸೂಚನೆ: ತಾತ್ಕಾಲಿಕ ವೀಸಾದಲ್ಲಿರುವವರು ಕೋವಿ ಹೊಂದುವುದನ್ನು ಅಮೆರಿಕದ ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ, ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದವರಿಗೆ ಅದರಲ್ಲಿ ವಿನಾಯಿತಿಯಿದೆ. ಕೋವಿಯನ್ನು, ಎರವಲಾಗಿಯೇ ಆದರೂ, ಮುಟ್ಟುವ ಮೊದಲು ಅದನ್ನು ಪಡೆದಿರಿ.

ಮಲೆನಾಡಿಗ_ಮಿಸೌರಿ (ಪರಿಹಾರವಾಯಿತು):

ಕಾಗದಕ್ಕೆ ಹೊಡೆದು ನೋಡಿದಾಗ ನನ್ನ ಮಿತಿ ಮೂವತ್ತೈದು ಗಜವೆಂದು ತಿಳಿಯಿತು, ಟಂಗ್‌ಸ್ಟನ್ ಕೊಳ್ಳಲಿಲ್ಲ. ಗುರುವಾರ ರಜೆ ಹಾಕಿ ಒಂಬತ್ತಕ್ಕೆ ತಿರುವಿನ ಆಚೆ, ಕೊರಕಲು ನಡುವೆ ಬಾರದಂತೆ ಕೂತೆ. ಒಮ್ಮೆ ಕೂಗಿದೆ, ದೂರದಿಂದ ಉತ್ತರ ಬಂತು. ಹತ್ತು ನಿಮಿಷದ ನಂತರ ಇನ್ನೊಮ್ಮೆ ಮೆಲ್ಲಗೆ ಕೂಗಿ, ಎಲೆ ಕೆದಕಿ ಸುಮ್ಮನಾದೆ. ಆಮೇಲೆ ಮುಕ್ಕಾಲು ಗಂಟೆ ಏನೂ ಇಲ್ಲ. ಕಾಲು ಜೋಮು ಹಿಡಿದು ಏಳಬೇಕೆಂದುಕೊಳ್ಳುವಾಗ, ದೂರದ ಹೆದ್ದಾರಿಯಲ್ಲಿ ಲಾರಿ ಗೇರ್ ಬದಲಿಸಿದಂತೆ, ಕಿವಿಗಿಂತ ಎದೆಗೆ ತಾಕುವ ಗುಂಯ್ ಎಂಬ ಸದ್ದು ಎಡಗಡೆಯಿಂದ ಬಂತು. ನಾನು ತಿರುವನ್ನೇ ನೋಡುತ್ತಿದ್ದರೆ ಹುಂಜ ಡಾಗ್‌ವುಡ್ ಹೂಗಳ ಅಡಿಯಿಂದ ನಡೆದು ಬರುತ್ತಿತ್ತು. ಕೋವಿ ತಿರುಗಿಸುವಂತಿರಲಿಲ್ಲ, ಅದರ ತಲೆ ದಪ್ಪನೆಯ ಓಕ್ ಮರದ ಹಿಂದೆ ಮರೆಯಾಗುವವರೆಗೆ ಉಸಿರು ಬಿಗಿಹಿಡಿದು, ಆ ಎರಡು ಕ್ಷಣಗಳಲ್ಲಿ ತಿರುಗಿಸಿದೆ. ಮರದ ಈಚೆ ಬಂದು ಬಾಲ ಬಿಚ್ಚಿತು. ಟಕ್ ಎಂದೆ. ಕತ್ತು ಎತ್ತಿತು.

ಹೆಜ್ಜೆಯಲ್ಲಿ ಅಳೆದರೆ ಇಪ್ಪತ್ತೆಂಟು. ತೂಕ 21 ಪೌಂಡ್, ಗಡ್ಡ ಒಂಬತ್ತೂವರೆ ಅಂಗುಲ. ಅಲ್ಲೇ ಪರ್ಮಿಟ್‌ನಲ್ಲಿ ಗುರುತು ಮಾಡಿ, ರಾತ್ರಿ 10ರ ಗಡುವಿಗೆ ಕಾಯದೆ ಮಧ್ಯಾಹ್ನವೇ ಟೆಲಿಚೆಕ್, ಅಂದರೆ ಹೊಡೆದ ಹಕ್ಕಿಯನ್ನು ಇಲಾಖೆಗೆ ವರದಿ ಮಾಡುವುದನ್ನು, ಮುಗಿಸಿದೆ. ಪ್ಲಾಸ್ಟಿಕ್ ಹೇಂಟೆ ಅಂದು ಕಾರಿನ ಡಿಕ್ಕಿಯಲ್ಲೇ ಇತ್ತು.