ದೇವಿಮನೆ ಘಾಟಿಗೆ 1972ರ ಅಂಬಾಸಿಡರ್: ಬ್ರೇಕ್ ಬೂಸ್ಟರ್ ಹಾಕಿಸಲೋ ಬೇಡವೋ?

ಮಾರ್ಕ್2_ಶಿರಸಿ:
ಮಾರ್ಕ್ 2, ಪೆಟ್ರೋಲ್, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಬೂಸ್ಟರ್ (ಎಂಜಿನ್ನಿನ ವ್ಯಾಕ್ಯೂಮ್ ಎಳೆತದಿಂದ ಬ್ರೇಕ್ ಒತ್ತಡ ಹೆಚ್ಚಿಸುವ ಸಾಧನ) ಇಲ್ಲ. ಶಿರಸಿಯಿಂದ ಕುಮಟಾಕ್ಕೆ ಇಳಿಯುವಾಗ ಮೊದಲ ತಿರುವುಗಳಲ್ಲಿ ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತದೆ. ಕೆಳಗೆ ಬರುತ್ತಾ ಪೆಡಲ್ ಕಲ್ಲಿನ ಹಾಗೆ, ಎಷ್ಟು ತುಳಿದರೂ ಗಾಡಿ ನಿಲ್ಲಲ್ಲ. ಬೂಸ್ಟರ್ ಹಾಕಿಸಿದರೆ ಸರಿಹೋದೀತಾ?

ಡ್ರಮ್_ಕಾರವಾರ:
ಇಲ್ಲ. ಪೆಡಲ್ ಗಟ್ಟಿಯಿದ್ದೂ ಹಿಡಿತ ಇಲ್ಲ ಅಂದರೆ ಲೈನಿಂಗ್ (ಡ್ರಮ್ಮಿನ ಒಳಗೆ ಉಜ್ಜಿ ಗಾಡಿ ನಿಲ್ಲಿಸುವ ಪಟ್ಟಿ) ಕಾದು ಜಾರುತ್ತಿದೆ. ಬೂಸ್ಟರ್ ಕಾಲಿನ ಶ್ರಮ ಉಳಿಸುತ್ತದೆಯೇ ಹೊರತು ಡ್ರಮ್ ಬಿಸಿ ಇಳಿಸುವುದಿಲ್ಲ. ಉಲ್ಟಾ, ಕಾಲಿಗೆ ಸಿಗುವ ಎಚ್ಚರಿಕೆಯೂ ಹೋಗುತ್ತದೆ.

ಮೊದಲು ಡ್ರಮ್ ಬಿಚ್ಚಿ. ಧೂಳು ಊದಬೇಡಿ, ಹಳೇ ಲೈನಿಂಗಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿ. ಲೈನಿಂಗ್ ಗಾಜಿನಂತೆ ಹೊಳೆಯುತ್ತಿದ್ದರೆ 80 ನಂಬರ್ ಉಪ್ಪುಕಾಗದದಲ್ಲಿ ಉಜ್ಜಿ. ಹಿಂದಿನ ಆಕ್ಸಲ್ ಸೀಲ್ ಸೋರಿ ಲೈನಿಂಗ್ ಆಕ್ಸಲ್ ಆಯಿಲ್ ಕುಡಿದಿದ್ದರೆ ಸೀಲ್ ಜೊತೆ ಲೈನಿಂಗೂ ಹೊಸದೇ ಬೇಕು, ಸೀಮೆಎಣ್ಣೆಯಲ್ಲಿ ತೊಳೆದರೆ ಏನೂ ಆಗಲ್ಲ. ಆಮೇಲೆ ಲೈನಿಂಗ್ ಮೇಲೆ ಸೀಮೆಸುಣ್ಣ ಬಳಿದು ಡ್ರಮ್ ಹಾಕಿ, ಬ್ರೇಕ್ ಹಗುರಾಗಿ ಒತ್ತಿಸಿ ತಿರುಗಿಸಿ. ನಡುವೆ ಮಾತ್ರ ಸುಣ್ಣ ಅಳಿಸಿದ್ದರೆ ಶೂ (ಲೈನಿಂಗ್ ಕೂರುವ ಕಮಾನು) ಡ್ರಮ್ಮಿನ ಒಳಬಾಗಿಗೆ ಸರಿಯಾಗಿ ಕೂತಿಲ್ಲ. ಅಳತೆಗೆ ಗ್ರೈಂಡ್ ಮಾಡಿಸಬೇಕು. ಹೊಸ ಲೈನಿಂಗ್ ಹಾಕಿದ ಮೇಲೂ ಹೆಚ್ಚಿನ ದೂರು ಬರೋದು ಇಲ್ಲೇ.

ಚಕ್ರ ಬಿಗಿಯಾಗುವವರೆಗೆ ಶೂ ಅಡ್ಜಸ್ಟರ್ ತಿರುಗಿಸಿ, ಚಕ್ರ ಸಲೀಸಾಗಿ ತಿರುಗುವಷ್ಟೇ ಹಿಂದಕ್ಕೆ ಬಿಡಿ. ಮತ್ತೆ ಘಾಟಿ ಹತ್ತೋಕೆ ಯಾವ ಗೇರೋ ಇಳಿಯೋಕೂ ಅದೇ.

ಹಳೇಗಾಡಿ_ಅಂಕೋಲಾ:
ಒಪ್ಪಿದೆ. ಆದರೆ ಕಾಲಿಗೆ ಬಲ ಸಾಲದವರಿಗೆ ಬೂಸ್ಟರ್ ಬೇಕಾಗುತ್ತದೆ ಮಾರಾಯ್ರೆ. ಮಾಸ್ಟರ್ ಸಿಲಿಂಡರ್ (ಪೆಡಲ್ ತುಳಿದಾಗ ಬ್ರೇಕ್ ಆಯಿಲ್ ತಳ್ಳುವ ಭಾಗ) ಮುಟ್ಟದೆ ನಡುವೆ ಪೈಪಿಗೆ ಸೇರಿಸುವ ರಿಮೋಟ್ ಬೂಸ್ಟರ್ ನೋಡಿ. ಐಡ್ಲಿಂಗಲ್ಲಿ ಮ್ಯಾನಿಫೋಲ್ಡ್ ವ್ಯಾಕ್ಯೂಮ್ (ಎಂಜಿನ್ ಗಾಳಿ ಎಳೆಯುವ ಪೈಪಿನ ಎಳೆತ) ಗೇಜಿನಲ್ಲಿ 16 ಇಂಚು ಪಾದರಸಕ್ಕಿಂತ ಕಡಿಮೆ ಇದ್ದರೆ ಮೊದಲು ವಾಲ್ವ್, ಟೈಮಿಂಗ್ ನೋಡಿಸಿ. ವ್ಯಾಕ್ಯೂಮ್ ಪೈಪ್ ದಪ್ಪ ಗೋಡೆಯದೇ ಬೇಕು. ಪೆಟ್ರೋಲ್ ಪೈಪ್ ಹಾಕಿದರೆ ಒಳಗೇ ಮುದುಡಿ ಕೂರುತ್ತದೆ. ಬೂಸ್ಟರಿನಿಂದ ಬ್ರೇಕ್ ಆಯಿಲ್ ಹೊರಹೋಗುವ ತುದಿ ಮೇಲಕ್ಕೆ ವಾಲಿರಲಿ, ಇಲ್ಲದಿದ್ದರೆ ಒಳಗೆ ಸೇರಿದ ಏರ್ ಪೂರ್ತಿ ಹೊರಬರಲ್ಲ.

ಪರೀಕ್ಷೆ: ಎಂಜಿನ್ ಬಂದ್ ಮಾಡಿ ಪೆಡಲ್ 5-6 ಸಲ ತುಳಿಯಿರಿ, ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಮುಂದೆ ಎಲ್ಲೂ ಸೋರದೆ ಬ್ರೇಕ್ ಆಯಿಲ್ ಕಡಿಮೆಯಾಗುತ್ತಾ, ಸೈಲೆನ್ಸರಲ್ಲಿ ಬಿಳಿ ಹೊಗೆ ಕಂಡರೆ ಬೂಸ್ಟರ್ ಸೀಲ್ ಹೋಗಿದೆ, ಎಂಜಿನ್ ಅದನ್ನು ಎಳೆದು ಸುಡುತ್ತಿದೆ. ಪೆಟ್ರೋಲ್ ಉಳಿಸೋಕೆ ಎಂಜಿನ್ ಬಂದ್ ಮಾಡಿ ಘಾಟಿ ಇಳಿಯೋ ಚಾಳಿ ಇದ್ದರೆ ಇದರ ಸಹವಾಸವೇ ಬೇಡ. ಎರಡು ಮೂರು ಸಲ ತುಳಿದರೆ ವ್ಯಾಕ್ಯೂಮ್ ಖಾಲಿ.

ಡ್ರಮ್_ಕಾರವಾರ:
ಒಂದು ಬಿಟ್ಟುಹೋಯ್ತು. ಸಿಂಗಲ್ ಸರ್ಕ್ಯೂಟ್ (ನಾಲ್ಕೂ ಚಕ್ರಕ್ಕೆ ಒಂದೇ ಆಯಿಲ್ ಲೈನ್) ಆದರೆ ಒಂದು ಹೋಸ್ ಒಡೆದರೂ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತದೆ, ಉಳಿಯೋದು ಹ್ಯಾಂಡ್ ಬ್ರೇಕ್ ಮಾತ್ರ. ಬೂಸ್ಟರ್ ಬಂದರೆ ಲೈನಿನ ಒತ್ತಡವೂ ಏರುತ್ತದೆ, ಹಾಗಾಗಿ ರಬ್ಬರ್ ಹೋಸ್ ಮೊದಲೇ ಬದಲಿಸಿ. ಕರಾವಳಿಯ ಉಪ್ಪುಗಾಳಿಗೆ ಕಬ್ಬಿಣದ ಪೈಪ್ ಕ್ಲಿಪ್ಪಿನ ಅಡಿಯಲ್ಲಿ ಕೊರೆಯುತ್ತದೆ, ಕ್ಲಿಪ್ ಬಿಚ್ಚಿಯೇ ನೋಡಬೇಕು. ಬ್ರೇಕ್ ಆಯಿಲ್ ನೀರು ಹೀರುತ್ತದೆ: ಡಾಟ್ 3 ದರ್ಜೆಯ ಆಯಿಲ್ ಹೊಸದರಲ್ಲಿ 205 ಡಿಗ್ರಿಗೆ ಕುದಿಯುವುದು, ನೀರು ಸೇರಿದರೆ 140ಕ್ಕೇ ಕುದಿಯಬಹುದು. ಆಗ ಪೆಡಲ್ ಗಟ್ಟಿಯಾಗಲ್ಲ, ಸ್ಪಂಜಿನ ಹಾಗೆ ಕೆಳಗೆ ಹೋಗುತ್ತದೆ. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ ಹಳೇ ಆಯಿಲ್ ತೆಗೆದು ಡಾಟ್ 4 ತುಂಬಿಸಿ.