ಎಡಿನ್‌ಬರೋದಲ್ಲಿರುವ ಮಗ ಮಂಕಾಗಿದ್ದಾನೆ, ಡಾಕ್ಟ್ರೇ

ಪ್ರಶ್ನೆ (ಸದಸ್ಯೆ, ಮಂಡ್ಯ):
ನಮಸ್ತೆ ಡಾಕ್ಟ್ರೇ. ನನ್ನ ಮಗ ಸೆಪ್ಟೆಂಬರ್‌ನಲ್ಲಿ ಎಂ.ಎಸ್ಸಿ. ಓದಲು ಸ್ಕಾಟ್ಲೆಂಡಿನ ಎಡಿನ್‌ಬರೋಗೆ ಹೋದ. ಮೊದಲೆರಡು ತಿಂಗಳು ಚೆನ್ನಾಗೇ ಇದ್ದ, ದಿನಾ ಫೋಟೋ ಕಳಿಸುತ್ತಿದ್ದ. ಈಗ ಒಂದು ತಿಂಗಳಿಂದ ಮಾತೇ ಕಡಿಮೆ. ಹತ್ತು ಗಂಟೆ ಮಲಗಿದರೂ ನಿದ್ದೆ ಸಾಲದು ಅನ್ನುತ್ತಾನೆ, ಬ್ರೆಡ್ಡು ಚಾಕೊಲೇಟು ಬಿಟ್ಟರೆ ಬೇರೆ ಏನೂ ಬೇಡವಂತೆ, ಕ್ಲಾಸಿಗೂ ಸರಿಯಾಗಿ ಹೋಗುತ್ತಿಲ್ಲ. ನಾವು ಊಟ ಮುಗಿಸಿ ರಾತ್ರಿ 9.30ಕ್ಕೆ ವಿಡಿಯೋ ಕಾಲ್ ಮಾಡಿದರೆ ಅಲ್ಲಿ ಸಂಜೆ 4 ಗಂಟೆ, ಕಿಟಕಿಯಾಚೆ ಆಗಲೇ ಕತ್ತಲಾಗುತ್ತಾ ಇರುತ್ತದೆ. ನಮ್ಮತ್ತೆ ದೃಷ್ಟಿ ಆಗಿದೆ ಅನ್ನುತ್ತಾರೆ. ತಂಗಿ, ವಿಟಮಿನ್ ಡಿ ಪುಡಿ ಪ್ಯಾಕೆಟ್ ಕಳಿಸು, ವಾರಕ್ಕೊಂದು ತಗೊಂಡರೆ ಸರಿಹೋಗುತ್ತದೆ ಅನ್ನುತ್ತಾಳೆ. ಯಾವುದು ನಿಜ?

ಉತ್ತರ (ಮನೋವೈದ್ಯೆ, ಮೈಸೂರು):
ಅಮ್ಮಾ, ಅತ್ತೆಯವರು ದೃಷ್ಟಿ ತೆಗೆಯಲಿ, ಅದರಿಂದ ನಷ್ಟವೇನೂ ಇಲ್ಲ. ಆದರೆ ನೀವು ಹೇಳಿದ್ದನ್ನೆಲ್ಲ ಕೇಳಿದರೆ ಮಗನಿಗೆ ಚಳಿಗಾಲದ ಮಂಕು ಕವಿದಿರಬಹುದು ಅನ್ನಿಸುತ್ತದೆ. ಸಾಮಾನ್ಯವಾಗಿ ಖಿನ್ನತೆ ಅಂದರೆ ನಿದ್ದೆ ಬಾರದು, ಊಟ ಸೇರದು ಅಂದುಕೊಳ್ಳುತ್ತೇವೆ ಅಲ್ವಾ, ಇದರಲ್ಲಿ ಹೆಚ್ಚಾಗಿ ಉಲ್ಟಾ. ನಿದ್ದೆ ಜಾಸ್ತಿ, ಹಿಟ್ಟು-ಸಿಹಿ ತಿನ್ನುವ ಆಸೆ ಜಾಸ್ತಿ, ತೂಕ ಏರುತ್ತದೆ, ಯಾರ ಜೊತೆಗೂ ಸೇರಬೇಕು ಅನ್ನಿಸುವುದಿಲ್ಲ. ಇದಕ್ಕೆ ಸೀಸನಲ್ ಅಫೆಕ್ಟಿವ್ ಡಿಸಾರ್ಡರ್ ಅಂತ ಹೆಸರಿಟ್ಟು 1984ರಲ್ಲಿ ವಿವರಿಸಿದವರು ಅಮೆರಿಕದ ಮನೋವೈದ್ಯ ನಾರ್ಮನ್ ರೋಸೆಂತಾಲ್ ಮತ್ತು ಅವರ ಜೊತೆಗಾರರು. ರೋಸೆಂತಾಲ್ ಕೂಡ ನಿಮ್ಮ ಮಗನ ಹಾಗೆಯೇ, ಬಿಸಿಲಿನ ನಾಡು ದಕ್ಷಿಣ ಆಫ್ರಿಕಾದಿಂದ ಹೋದವರು. ಅಮೆರಿಕದ ಚಳಿಗಾಲದಲ್ಲಿ ತಾವೇ ಸೊರಗುವುದು ಅವರ ಗಮನಕ್ಕೆ ಬಂದಿತ್ತು. ಹಾಗಂತ ಒಂದೇ ಚಳಿಗಾಲ ನೋಡಿ ಆ ಹೆಸರನ್ನು ಅಂಟಿಸುವುದಿಲ್ಲ. ವರ್ಷ ವರ್ಷ ಅದೇ ಕಾಲಕ್ಕೆ ಬಂದು ಬೇಸಿಗೆಗೆ ಹೋದರೆ ಮಾತ್ರ. ಮನೆ ನೆನಪು, ಓದಿನ ಒತ್ತಡ, ಒಂಟಿತನ ಎಲ್ಲವೂ ಇದರಲ್ಲಿ ಸೇರಿರಬಹುದು.

ಎಡಿನ್‌ಬರೋದಲ್ಲಿ ಡಿಸೆಂಬರ್ ಕೊನೆಗೆ ಹಗಲು ಅಂದರೆ ಬರೀ 7 ಗಂಟೆ. ಸೂರ್ಯ ಹುಟ್ಟುವುದೇ ಬೆಳಗ್ಗೆ 8.40ರ ಆಸುಪಾಸು. ನಮ್ಮ ತಲೆಯೊಳಗೆ ಒಂದು ಗಡಿಯಾರ ಇದೆ, ಬೆಳಗಿನ ಬೆಳಕು ಕಣ್ಣಿಗೆ ಬಿದ್ದಾಗ ಅದಕ್ಕೆ ಕೀಲಿ ಕೊಟ್ಟ ಹಾಗೆ. ಬೆಳಕು ಬೀಳದಿದ್ದರೆ ರಾತ್ರಿ ಊರುವ ಮೆಲಟೋನಿನ್ ಅನ್ನುವ ನಿದ್ದೆಯ ಹಾರ್ಮೋನು ಬೆಳಗ್ಗೆಯೂ ಹಿಡಿತ ಬಿಡುವುದಿಲ್ಲ. ಹುಡುಗ ಎದ್ದು ಕೂತಿದ್ದರೂ ಮೈಗೆ ಇನ್ನೂ ನಡುರಾತ್ರಿ.

ಈಗ ತಂಗಿಯ ಪುಡಿ ವಿಚಾರ. ಬಿಸಿಲು ನಮ್ಮೊಳಗೆ ಎರಡು ಬಾಗಿಲಿಂದ ಬರುತ್ತದೆ, ಒಂದು ಚರ್ಮ, ಇನ್ನೊಂದು ಕಣ್ಣು. ಚರ್ಮದ ಮೇಲೆ ಬಿದ್ದದ್ದು ವಿಟಮಿನ್ ಡಿ ಆಗುತ್ತದೆ, ಅದು ಮೂಳೆಗೆ ಮುಖ್ಯ. ಮಂಕಿಗೆ ಬೇಕಾದದ್ದು ಕಣ್ಣಿನ ಬಾಗಿಲ ಬೆಳಕು. ಬ್ರಿಟನ್ನಿನಲ್ಲಿ ಚಳಿಗಾಲದಲ್ಲಿ ದಿನಕ್ಕೆ 10 ಮೈಕ್ರೋಗ್ರಾಂ, ಅಂದರೆ 400 ಯೂನಿಟ್ ವಿಟಮಿನ್ ಡಿ ತಗೊಳ್ಳಿ ಅಂತ ಎಲ್ಲರಿಗೂ ಹೇಳುತ್ತಾರೆ, ನಮ್ಮಂಥ ಕಂದು ಚರ್ಮದವರಿಗೆ ವರ್ಷಪೂರ್ತಿ. ಅದನ್ನು ಅವನು ಅಲ್ಲಿಯೇ ಕೊಳ್ಳಲಿ. ಆದರೆ ನಿಮ್ಮ ತಂಗಿ ಹೇಳುವುದು 60,000 ಯೂನಿಟ್ಟಿನ ಪ್ಯಾಕೆಟ್ ಇರಬೇಕು. ಅದನ್ನು ರಕ್ತ ಪರೀಕ್ಷೆ ಇಲ್ಲದೆ ತಿಂಗಳುಗಟ್ಟಲೆ ನುಂಗಿ, ಕ್ಯಾಲ್ಸಿಯಂ ಏರಿ, ವಾಂತಿ ಮಾಡಿಕೊಂಡು ಬಂದವರನ್ನು ನೋಡಿದ್ದೇನೆ. ಕಿಡ್ನಿಗೂ ಒಳ್ಳೆಯದಲ್ಲ. ಸುಮ್ನೆ ಕಳಿಸಬೇಡಿ.

ಮಗನಿಗೆ ಮೊದಲು ಹೇಳಬೇಕಾದದ್ದು ಇಷ್ಟು. ಮೋಡ ಇದ್ದರೂ ಸರಿ, ಬೆಳಕು ಹರಿದ ಮೇಲೆ ಅರ್ಧ ಗಂಟೆ ಹೊರಗೆ ನಡೆಯಲಿ. ಮನೆಯೊಳಗಿನ ಲೈಟು ಸಾಮಾನ್ಯವಾಗಿ 100ರಿಂದ 500 ಲಕ್ಸ್ (ಬೆಳಕು ಅಳೆಯುವ ಮಾನ) ಅಷ್ಟೆ, ಮೋಡ ಕವಿದ ಹಗಲಲ್ಲೂ ಹೊರಗೆ ಅದರ ಹತ್ತಾರು ಪಟ್ಟು ಇರುತ್ತದೆ. ಆಗದಿದ್ದರೆ 10,000 ಲಕ್ಸಿನ ಲೈಟ್ ಬಾಕ್ಸ್ ಸಿಗುತ್ತದೆ. ಎದ್ದ ತಕ್ಷಣ ಅದರ ಮುಂದೆ 20-30 ನಿಮಿಷ ಕೂರುವುದು, ತಿಂಡಿ ತಿನ್ನುತ್ತಲೋ ಓದುತ್ತಲೋ. ದಿಟ್ಟಿಸಿ ನೋಡುವುದು ಬೇಡ. ಸಂಜೆ ಬೇಡವೇ ಬೇಡ, ನಿದ್ದೆ ಕೆಡುತ್ತದೆ. ಮನೆಯಲ್ಲಿ ಯಾರಿಗಾದರೂ ಬೈಪೋಲಾರ್, ಅಂದರೆ ಮನಸ್ಸು ಒಮ್ಮೆ ಅತಿಯಾಗಿ ಉಬ್ಬಿ ಒಮ್ಮೆ ಕುಗ್ಗುವ ಕಾಯಿಲೆ ಇದ್ದರೆ, ಅವನಿಗೆ ಕಣ್ಣಿನ ರೆಟಿನಾ ತೊಂದರೆ ಇದ್ದರೆ ಡಾಕ್ಟರನ್ನು ಕೇಳದೆ ಇದಕ್ಕೆ ಕೈಹಾಕುವಂತಿಲ್ಲ. ಕ್ಲಾಸು ತಪ್ಪಿಸುತ್ತಿದ್ದಾನೆ ಅಂದಿರಲ್ಲ, ಹಾಗಾಗಿ ಈ ವಾರವೇ ಅಲ್ಲಿನ ಜಿ.ಪಿ., ಅಂದರೆ ಫ್ಯಾಮಿಲಿ ಡಾಕ್ಟರ ಹತ್ತಿರ ಹೋಗಲಿ. ವಿದ್ಯಾರ್ಥಿಗಳಿಗೆ ಅದಕ್ಕೆ ಬೇರೆ ದುಡ್ಡಿಲ್ಲ, ವೀಸಾ ಜೊತೆಗೇ ಕಟ್ಟಿರುತ್ತೀರಿ. ಇನ್ನೊಂದು ಮಾತು, ಅವನು ಬದುಕೇ ಬೇಡ ಅನ್ನುವ ಥರ ಮಾತಾಡಿದರೆ ವಾರಗಟ್ಟಲೆ ಕಾಯಬೇಡಿ, ಅವತ್ತೇ ಸಹಾಯ ಕೇಳಬೇಕು.

ಪ್ರಶ್ನೆ (ಸದಸ್ಯ, ಮೈಸೂರು, ಕುವೆಂಪುನಗರ):
ಮೇಡಂ, ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಜಾರಾಗಬೇಡಿ. ನಾನು ಮನೆಯಿಂದಲೇ ಅಮೆರಿಕ ಶಿಫ್ಟ್ ಮಾಡುತ್ತೇನೆ. ಬೆಳಗಿನ ಜಾವ 4ಕ್ಕೆ ಮಲಗಿ 12ಕ್ಕೆ ಏಳುತ್ತೇನೆ. ನೀವು ಹೇಳಿದ್ದೆಲ್ಲ ನನಗೂ ಇದೆ. ಒಂದು ಲೈಟ್ ಬಾಕ್ಸ್ ತರಿಸಲಾ?

ಉತ್ತರ:
ಮೈಸೂರಲ್ಲಿದ್ದುಕೊಂಡು ಬೆಳಕಿನ ಪೆಟ್ಟಿಗೆ ಕೊಳ್ಳುತ್ತೀರಾ! ನಮ್ಮಲ್ಲಿ ಡಿಸೆಂಬರ್ ಹಗಲು ಸುಮಾರು ಹನ್ನೊಂದೂವರೆ ಗಂಟೆ, ಜೂನ್‌ಗಿಂತ ಒಂದೂವರೆ ಗಂಟೆಯಷ್ಟೇ ಕಡಿಮೆ. ಚಳಿಗಾಲ ಇರುವುದು ಊರಲ್ಲಲ್ಲ, ಕರ್ಟನ್ ಎಳೆದ ನಿಮ್ಮ ರೂಮಲ್ಲಿ. 12ಕ್ಕೆ ಎದ್ದ ಕೂಡಲೇ ಕಾಫಿ ಲೋಟ ಹಿಡಿದು ತಾರಸಿಗೆ ಹೋಗಿ, ನೆರಳಲ್ಲೇ ಅರ್ಧ ಗಂಟೆ ಕೂತರೂ ನಡೆಯುತ್ತದೆ, ಸೂರ್ಯನನ್ನು ನೋಡುವುದೇನೂ ಬೇಡ. ಸಂಜೆ ಲಾಗಿನ್ ಆಗುವ ಮೊದಲು ಕುಕ್ಕರಹಳ್ಳಿ ಕೆರೆ ಸುತ್ತ ಒಂದು ಸುತ್ತು ಹಾಕಿದರೆ ಇನ್ನೂ ಒಳ್ಳೆಯದು. ಶಿಫ್ಟಿನ ಕೊನೆಯ ಒಂದು ಗಂಟೆ ಲೈಟು ಮಂದ ಮಾಡಿ, ಕಾಫಿಯನ್ನು ಅದಕ್ಕೂ ಎಷ್ಟೋ ಗಂಟೆ ಮೊದಲೇ ನಿಲ್ಲಿಸಿ. ರಜೆ ದಿನವೂ ಮಲಗುವ ಹೊತ್ತು ತೀರಾ ಬದಲಿಸಬೇಡಿ, ಎಲ್ಲರೂ ಎಡವುವುದು ಇಲ್ಲಿಯೇ. ಹಾಗೆಯೇ ಥೈರಾಯ್ಡ್, ಬಿ12, ಹಿಮೋಗ್ಲೋಬಿನ್ ಒಮ್ಮೆ ನೋಡಿಸಿ, ಅವು ಇಳಿದರೂ ಹೀಗೇ ಸುಸ್ತು. ಎರಡು ವಾರ ಕಳೆದರೂ ಯಾವುದರಲ್ಲೂ ಮನಸ್ಸಿಲ್ಲ ಅಂದರೆ ಬಂದು ತೋರಿಸಿ, ಅಥವಾ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಕಾಮೆಂಟ್ (ಸದಸ್ಯೆ, ಶ್ರೀರಂಗಪಟ್ಟಣ):
ಅದಕ್ಕೇ ಹಿರಿಯರು ಧನುರ್ಮಾಸದಲ್ಲಿ ಬೆಳಕು ಹರಿಯುವ ಮುಂಚೆ ಎಬ್ಬಿಸಿ ದೇವಸ್ಥಾನಕ್ಕೆ ಕಳಿಸುತ್ತಿದ್ದರು ಅನ್ನಿಸುತ್ತದೆ ಮೇಡಂ.

ಉತ್ತರ:
ಅವರ ಮನಸ್ಸಲ್ಲಿ ಮೆಲಟೋನಿನ್ ಇತ್ತು ಅಂತ ನಾನು ಹೇಳಲಾರೆ! ಆದರೆ ಪೂಜೆ ಮುಗಿಸಿ ಬಿಸಿ ಹುಗ್ಗಿ ಹಿಡಿದು ನಡೆದು ಬರುವಾಗ ಎಳೆ ಬೆಳಕು ಮುಖಕ್ಕೆ ಬೀಳುತ್ತದಲ್ಲ, ಅದಂತೂ ನನ್ನ ಚೀಟಿಯಲ್ಲಿ ಬರೆಯುವುದೇ.

ಮರುಪ್ರಶ್ನೆ (ಮಂಡ್ಯದ ಸದಸ್ಯೆ, ಎಂಟು ದಿನದ ನಂತರ):
ಡಾಕ್ಟ್ರೇ, ಜಿ.ಪಿ. ಹತ್ತಿರ ಹೋಗಿ ಬಂದ, ಅವರೂ ಲೈಟ್ ಬಾಕ್ಸ್ ಬಳಸಿ ನೋಡು ಅಂದರಂತೆ. ಒಬ್ಬನೇ ಅದರ ಮುಂದೆ ಕೂರಲು ಬೇಜಾರು ಅಂತ ಈಗ ಅವನೇ ಬೆಳಗ್ಗೆ 8ಕ್ಕೆ ಫೋನ್ ಮಾಡುತ್ತಾನೆ, ನಮಗೆ ಆಗ ಮಧ್ಯಾಹ್ನ 1.30. ಮುಖವೆಲ್ಲ ಬೆಳ್ಳಗೆ ಕಾಣಿಸುತ್ತದೆ, ಅತ್ತೆ ಮಗು ಬಣ್ಣ ಬಂದಿದೆ ಅಂತ ಖುಷಿಯಾಗಿದ್ದಾರೆ. ಫೋನ್ ನೋಡುತ್ತಾ ಕೂತರೆ ಪರವಾಗಿಲ್ಲವಾ?

ಉತ್ತರ:
ಪರವಾಗಿಲ್ಲ ಅಮ್ಮಾ. ಪೆಟ್ಟಿಗೆ ಒಂದು ಕೈಯಳತೆ ದೂರದಲ್ಲಿ ಇರಲಿ, ಫೋನನ್ನು ಅದಕ್ಕೆ ಅಡ್ಡ ಹಿಡಿಯದಿದ್ದರೆ ಆಯಿತು. ಅತ್ತೆಯವರಿಗೆ ಪೆಟ್ಟಿಗೆ ವಿಷಯ ಹೇಳಲೇಬೇಕು ಅಂತೇನಿಲ್ಲ.